ಬಿಸಿನೀರಿಗೆ ಮಣಿಯುವ ಪ್ಲಾಸ್ಟಿಕ್: ಕುಕ್ಕರ್ ಹಿಡಿಗೆ ಮಾತ್ರ ಬೇಡ

ಛತ್ರಿಯ ಹಿಡಿ ಮುರಿದಿದೆ. ರಿಮೋಟ್‌ನ ಬ್ಯಾಟರಿ ಮುಚ್ಚಳ ಕಳೆದುಹೋಗಿದೆ. ಇಂತಹ ಚಿಕ್ಕ ವಸ್ತುಗಳಿಗೆ ಬಿಡಿಭಾಗ ಹುಡುಕಿಕೊಂಡು ಅಂಗಡಿ ಅಲೆಯುವವರಿಗೆ ಒಂದು ಉಪಾಯವಿದೆ. 'ಪಾಲಿಮಾರ್ಫ್', 'ಇನ್‌ಸ್ಟಾಮಾರ್ಫ್' ಮೊದಲಾದ ಹೆಸರುಗಳಲ್ಲಿ ಮಾರಾಟವಾಗುವ ಬಿಳಿಯ ಪ್ಲಾಸ್ಟಿಕ್ ಹರಳುಗಳೇ ಆ ಉಪಾಯ. ನೋಡಲು ಥೇಟ್ ಸಾಬಕ್ಕಿ. ಬಿಸಿನೀರಿಗೆ ಹಾಕಿದರೆ ಬೆಂದ ಸಾಬಕ್ಕಿಯಂತೆಯೇ ಪಾರದರ್ಶಕವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಅದನ್ನು ಚಪಾತಿ ಹಿಟ್ಟಿನಂತೆ ನಾದಿ ಬೇಕಾದ ಆಕಾರ ಕೊಡಬಹುದು. ತಣ್ಣಗಾದಂತೆ ಮತ್ತೆ ಬಿಳಿಯಾಗಿ, ನೈಲಾನಿನಷ್ಟು ಗಟ್ಟಿಯಾಗುತ್ತದೆ.

ಇದರ ರಾಸಾಯನಿಕ ಹೆಸರು ಪಾಲಿಕ್ಯಾಪ್ರೊಲ್ಯಾಕ್ಟೋನ್. ನೈಲಾನಿನ ಜನಕರೆನಿಸಿದ ಅಮೆರಿಕದ ವಾಲೇಸ್ ಕರೋದರ್ಸ್ ಮತ್ತು ಸಂಗಡಿಗರು 1934ರಲ್ಲಿಯೇ ಇದರ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟಿಸಿದ್ದರು. ಸಾಮಾನ್ಯ ಪ್ಲಾಸ್ಟಿಕ್‌ಗಳು ಕರಗಲು 100 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಇದಕ್ಕೆ ಸುಮಾರು 60 ಡಿಗ್ರಿ ಸೆಲ್ಷಿಯಸ್ ಸಾಕು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನೀಡುವಾಗ ರೋಗಿ ಅಲುಗಾಡದಂತೆ ಮುಖಕ್ಕೆ ತೊಡಿಸುವ ಜಾಲರಿ ಮುಖವಾಡವೂ ಸಾಮಾನ್ಯವಾಗಿ ಇದೇ ಜಾತಿಯದು. ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದರೆ ಕೆಲವೇ ನಿಮಿಷಗಳಲ್ಲಿ ಅಚ್ಚು ಸಿದ್ಧ.

ಮಾದರಿ ತಯಾರಕರಿಗೆ ಇದು ಪ್ರಿಯವಾಗಲು ಮುಖ್ಯ ಕಾರಣ ತಪ್ಪನ್ನು ಕ್ಷಮಿಸುವ ಗುಣ. ಎಂ-ಸೀಲ್ ಒಮ್ಮೆ ಗಟ್ಟಿಯಾದರೆ ಮುಗಿಯಿತು. ಇದನ್ನು ಮತ್ತೆ ನೀರಿಗೆ ಹಾಕಿ ಹೊಸದಾಗಿ ಆರಂಭಿಸಬಹುದು. ಆಟಿಕೆ ಕಾರಿನ ಒಂದು ಚಕ್ರ ಕಳೆದಿದ್ದರೆ, ಉಳಿದ ಚಕ್ರಕ್ಕೆ ತೆಳುವಾಗಿ ಎಣ್ಣೆ ಸವರಿ ಮೆತ್ತನೆಯ ಮುದ್ದೆಯನ್ನು ಒತ್ತಬೇಕು. ತಣಿದ ನಂತರ ಬಿಡಿಸಿದರೆ ಅಚ್ಚು ದೊರೆಯುತ್ತದೆ. ಅದರಲ್ಲಿ ಎಂ-ಸೀಲ್ ತುಂಬಿ ಜೋಡಿ ಚಕ್ರ ತಯಾರಿಸಬಹುದು. ಎಣ್ಣೆ ಸವರಲು ಮರೆತರೆ ಕಷ್ಟ. ಬಿಸಿಯಾಗಿರುವಾಗ ಇದು ಕೆಲವು ಪ್ಲಾಸ್ಟಿಕ್‌ಗಳಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಹರಳುಗಳನ್ನು ಪ್ಲಾಸ್ಟಿಕ್ ಡಬ್ಬಿಯ ಬದಲು ಗಾಜಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ ನೆನೆಸುವುದು ಇದೇ ಕಾರಣಕ್ಕೆ. ಮುದ್ದೆಯ ಮಡಿಕೆಯೊಳಗೆ ಬಿಸಿನೀರು ಅಡಗಿರುತ್ತದೆ. ಚಮಚದಿಂದ ಎತ್ತಿ, ನೀರು ಹಿಂಡಿ ಹೋದ ಮೇಲೆ ಕೈಗೆ ತೆಗೆದುಕೊಳ್ಳುವುದು ಕ್ಷೇಮ. ಮಕ್ಕಳ ಕೈಗಂತೂ ನೇರವಾಗಿ ಕೊಡಬಾರದು.

ಬೇಗ ಕರಗುವ ಈ ಗುಣವೇ ಅಪಾಯಕ್ಕೂ ದಾರಿ. ಮುರಿದ ಪ್ರೆಶರ್ ಕುಕ್ಕರಿನ ಹಿಡಿಗೆ ಇದನ್ನು ಮೆತ್ತುವ ಯೋಚನೆ ಸಹಜ, ಆದರೆ ಮಾಡಲೇಬಾರದ ಕೆಲಸ. ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಆಸುಪಾಸು ತಲುಪುತ್ತದೆ. ಅನೇಕ ಕುಕ್ಕರುಗಳಲ್ಲಿ ಮುಚ್ಚಳವನ್ನು ಬಿಗಿಹಿಡಿಯುವುದೇ ಆ ಹಿಡಿ. ಹಬೆ ತುಂಬಿದ ಹೊತ್ತಿಗೆ ದುರಸ್ತಿ ಮೆತ್ತಗಾಗಿ ಜಾರಿದರೆ ಪರಿಣಾಮ ಊಹಿಸಬಹುದು. ಕಾಫಿ ಲೋಟದ ಕಿವಿ, ಇಸ್ತ್ರಿಪೆಟ್ಟಿಗೆಯ ಹಿಡಿ, ಬಿಸಿಯಾಗುವ ವಿದ್ಯುತ್ ಪ್ಲಗ್ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಸಹ 60 ಡಿಗ್ರಿ ದಾಟಬಲ್ಲದು. ಅಲ್ಲಿ ಮೊಬೈಲ್ ಸ್ಟ್ಯಾಂಡ್ ಮಾಡಿಟ್ಟರೆ ಸಂಜೆಗೆ ಅದು ಮಲಗಿರುತ್ತದೆ.

ಗಟ್ಟಿಯಾದ ತುಂಡನ್ನು ಗರಗಸದಿಂದ ಕೊಯ್ಯಬಹುದು, ತೂತು ಕೊರೆಯಬಹುದು. ಡ್ರಿಲ್ ಮಾತ್ರ ನಿಧಾನವಾಗಿ ತಿರುಗಬೇಕು. ವೇಗ ಹೆಚ್ಚಿದರೆ ಉಜ್ಜಾಟದ ಶಾಖಕ್ಕೇ ಪ್ಲಾಸ್ಟಿಕ್ ಕರಗಿ ಡ್ರಿಲ್ಲಿನ ತುದಿಗೆ ಸುತ್ತಿಕೊಳ್ಳುತ್ತದೆ. ಉದುರಿದ ಚೂರುಗಳನ್ನು ಎಸೆಯಬೇಕಿಲ್ಲ. ಮುಂದಿನ ಮುದ್ದೆಗೆ ಸೇರಿಸಿಕೊಳ್ಳಬಹುದು.