ಅದ್ಭುತಕಥೆಯ ನಾಯಕನೂ ಲಕ್ಷಣಶಾಸ್ತ್ರವೂ

ಅದ್ಭುತಕಥೆಗಳನ್ನು ಲಕ್ಷಣಶಾಸ್ತ್ರದ ದೃಷ್ಟಿಯಿಂದ ವಿಮರ್ಶಿಸುವವರಿಗೆ ಎರಡು ಪ್ರಶ್ನೆಗಳು ಎದುರಾಗುವುವು. ಕೃತಿಯು ಯಾವ ಪ್ರಕಾರಕ್ಕೆ ಸೇರಿದುದು? ಅದರ ನಾಯಕನು ಎಂಥವನು? ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳಲ್ಲಿ ಪ್ರಚಲಿತವಾದ ಎರಡು ಕಥೆಗಳು ಈ ವಿಚಾರಕ್ಕೆ ತಕ್ಕ ಒರೆಗಲ್ಲುಗಳಾಗಿವೆ.

ಮೊದಲು ಪ್ರಕಾರದ ಮಾತು. ನಡೆದ ಸಂಗತಿಯು ಪ್ರಕೃತಿನಿಯಮಕ್ಕೆ ಒಳಪಟ್ಟುದೋ ಅದನ್ನು ಮೀರಿದುದೋ ಎಂಬ ವಾಚಕನ ಸಂಶಯವೇ ಇಂತಹ ಕಥೆಯ ಜೀವಾಳವೆಂದು ಟೊಡೊರೋವ್ ಎಂಬ ವಿದ್ವಾಂಸರು 1970ರಲ್ಲಿ ಪ್ರತಿಪಾದಿಸಿದರು. ಸಂಶಯ ತೀರಿ ಅಲೌಕಿಕವನ್ನೇ ಒಪ್ಪಿದಲ್ಲಿ ಅದು ಬೇರೊಂದು ಪ್ರಕಾರವಾಗುವುದು. ತಲಕಾಡಿನ ಐತಿಹ್ಯಕ್ಕೆ ಈ ಲಕ್ಷಣವು ಹೊಂದುವುದು. ದೇಗುಲಗಳನ್ನು ಮುಚ್ಚಿದ ಮರಳು ಕಾವೇರಿಯ ಪಾತ್ರದಿಂದ ಗಾಳಿ ತಂದುದೋ, ಅಲಮೇಲಮ್ಮನ ಶಾಪದ ಫಲವೋ ಎಂದು ಕೇಳುಗನು ಇಂದಿಗೂ ತೂಗಿನೋಡುವನು.

ಮಲೆಯ ಮಾದೇಶ್ವರನ ಕಾವ್ಯಕ್ಕಾದರೋ ಇದು ಹೊಂದದು. ಕಂಸಾಳೆ ಹಿಡಿದು ಹಾಡುವ ದೇವರಗುಡ್ಡರಿಗಾಗಲಿ, ಕೇಳುವ ಒಕ್ಕಲಿಗಾಗಲಿ ಪವಾಡದಲ್ಲಿ ಸಂಶಯವಿಲ್ಲ. ಆದುದರಿಂದ ಒಂದು ಕಥೆಯ ಪ್ರಕಾರವನ್ನು ನಿರ್ಣಯಿಸುವಾಗ ಅದರ ವಸ್ತುವಿನಷ್ಟೇ ಕೇಳುಗರ ಶ್ರದ್ಧೆಯನ್ನೂ ಗಣಿಸಬೇಕು.

ಇನ್ನು ನಾಯಕನ ವಿಚಾರ. ನಾರ್ತ್ರಪ್ ಫ್ರೈ ಅವರು 1957ರಲ್ಲಿ ನಾಯಕನ ಸಾಮರ್ಥ್ಯವನ್ನೇ ಅಳತೆಗೋಲಾಗಿ ಹಿಡಿದರು. ಮನುಷ್ಯರನ್ನೂ ಪರಿಸರವನ್ನೂ ಜಾತಿಯಿಂದಲೇ ಮೀರಿದವನ ಕಥೆ ಪುರಾಣವೆನಿಸುವುದು. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಸ್ವಭಾವವನ್ನು ನೋಡಿ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಇಕ್ಕೇರಿ ದೇವಮ್ಮನ ಗರ್ವವನ್ನು ಮುರಿದ, ಪಾದುಕೆಯ ಉಪಾಯದಿಂದ ಶ್ರವಣನನ್ನು ಕೊಂದ ಮಾದೇಶ್ವರನಲ್ಲಿ ಧೀರೋದ್ಧತನ ರೋಷವೂ ಮಾಯೆಯೂ ಕಾಣುವುವು.

ಆದರೆ ಕಪಿಲೆಯ ದಡದ ಸುತ್ತೂರು ಮಠದಲ್ಲಿ ಇವನೇ ರಾಗಿ ಬೀಸುವ ಊಳಿಗಕ್ಕೆ ನಿಲ್ಲುವನು. ಶಕ್ತಿಯಿಂದ ದೇವನಾದವನು ವೃತ್ತಿಯಿಂದ ಆಳಾಗುವ ಈ ಸನ್ನಿವೇಶಕ್ಕೆ ಮೇಲಿನ ಎರಡು ವಿಂಗಡಣೆಗಳಲ್ಲಿಯೂ ಎಡೆಯಿಲ್ಲ. ಮುಂದೆ ಬಂಕಾಪುರಿಯಲ್ಲಿ ಶ್ರವಣನು ದೇವತೆಗಳನ್ನೇ ಸೆರೆಯಾಳುಗಳನ್ನಾಗಿ ದುಡಿಸುತ್ತಿರುವುದನ್ನು ನೆನೆದರೆ ಸುತ್ತೂರಿನ ಪ್ರಸಂಗದ ಅರ್ಥವು ತೆರೆಯುವುದು. ಊಳಿಗದ ಭಾರವನ್ನು ತಾನು ಹೊತ್ತು ಬಲ್ಲವನೇ ಇತರರನ್ನು ಅದರಿಂದ ಬಿಡಿಸುವನು. ಬೀಸುವ ಕಲ್ಲನ್ನು ಕೇವಲ ಪವಾಡದ ಸಾಧನವೆಂದು ದಾಟಿಹೋದರೆ, ಕಾವ್ಯವನ್ನು ಹಾಡಿಕೊಂಡು ಬಂದ ದುಡಿಯುವ ಜನರ ಬಾಳೇ ನಮ್ಮ ವಿಮರ್ಶೆಯಿಂದ ಹೊರಗುಳಿಯುವುದು.

ಇದರಿಂದ ಶಾಸ್ತ್ರವು ನಿರರ್ಥಕವೆಂದಾಗುವುದಿಲ್ಲ. ಲಕ್ಷಣವು ಎಲ್ಲಿ ಹೊಂದದೋ ಅಲ್ಲಿಯೇ ಲಕ್ಷ್ಯದ ವೈಶಿಷ್ಟ್ಯವು ಗೋಚರವಾಗುವುದು. ಪಾಠ ಹೇಳುವವರು ನಾಯಕನಿಗೆ ಹೆಸರಿಟ್ಟು ಮುಗಿಸದೆ, ಆ ಹೆಸರಿಗೆ ಒಳಪಡದೆ ಉಳಿದುದೇನೆಂಬುದನ್ನು ವಿದ್ಯಾರ್ಥಿಗಳಿಂದ ಹುಡುಕಿಸುವುದು ಉಚಿತ.