ಮೀಟರ್ ನೋಡದೆ ಬಂತೇ ಬಿಲ್?

ವಿಶಾಖಪಟ್ಟಣ, ವಿಜಯವಾಡದ ಕನ್ನಡಿಗರೇ, ಕರೆಂಟ್ ಬಿಲ್ ದಿಢೀರ್ ಏರಿದೆಯಾ? ಬಿಲ್ ಹಿಡಿದು ಮೀಟರ್ ಮುಂದೆ ನಿಲ್ಲಿ. ಮೀಟರಿನ ಯೂನಿಟ್ ಅಂಕಿ ಬಿಲ್ಲಿನ ರೀಡಿಂಗ್‌ಗಿಂತ ಕಡಿಮೆಯಿದೆಯಾ? ಹಾಗಾದರೆ ಅಂದಾಜಿನಲ್ಲಿ ಬರೆದಿರಬಹುದು. ತಕ್ಷಣ ಫೋಟೊ ತೆಗೆದಿಡಿ.

1912ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ವಿದ್ಯುತ್ ವಿತರಣಾ ಕಂಪನಿ ವಿಶಾಖಪಟ್ಟಣಕ್ಕೆ ಎಪಿಇಪಿಡಿಸಿಎಲ್, ವಿಜಯವಾಡಕ್ಕೆ ಎಪಿಸಿಪಿಡಿಸಿಎಲ್. ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಆಮೇಲೆ ವಿದ್ಯುತ್ ಓಂಬುಡ್ಸ್‌ಮನ್.

ಕರೆಂಟ್ ಕಟ್ ಮಾಡ್ತಾರೆ ಅನ್ನೋ ಭಯವೇ? 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ನಿಮ್ಮ ಬೆನ್ನಿಗಿದೆ. ಕೇಳಿದ ಮೊತ್ತ, ಹಿಂದಿನ 6 ತಿಂಗಳ ಬಿಲ್ಲಿನ ಸರಾಸರಿ, ಇವೆರಡರಲ್ಲಿ ಕಡಿಮೆಯದನ್ನು ಆಕ್ಷೇಪಣೆ ಸಹಿತ ಕಟ್ಟಿ. ತೀರ್ಮಾನ ಆಗುವವರೆಗೆ ಸಂಪರ್ಕ ಕಡಿಯುವಂತಿಲ್ಲ.

ಬಿಲ್ ಕಟ್ಟಲು ಯುಪಿಐ ಆಟೋಪೇ ಇದ್ದರೆ, ಹಣ ಕಡಿತಕ್ಕೆ 24 ಗಂಟೆ ಮೊದಲು ಬರುವ ಸಂದೇಶ ತಪ್ಪದೆ ಓದಿ. ದುಡಿದ ಹಣ ನಿಮ್ಮದು, ಲೆಕ್ಕ ಕೇಳುವ ಹಕ್ಕೂ ನಿಮ್ಮದೇ.