ಮೂಲವನ್ನು ಉಳಿಸಿದ ರೂಪಾಂತರ

ಕಳೆದ ತಿಂಗಳು ಸ್ನೇಹಿತರೊಬ್ಬರ ಮನೆಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುವ ಅವಕಾಶ ಒದಗಿತು. ಅವರು ಅಮೆರಿಕದಲ್ಲಿದ್ದಾಗ ಕೊಂಡು, ಮರಳುವಾಗ ಜೋಪಾನವಾಗಿ ತಂದಿದ್ದ ಸೂಪರ್ ನಿಂಟೆಂಡೊ ಯಂತ್ರ ಅದು. ಟಿವಿಗೆ ಜೋಡಿಸಿ ಆಡುವಂಥದ್ದು. ನನಗೆ ಈ ಆಟ ಪರಿಚಯವಾದದ್ದು ಬೇರೆಯೇ ರೂಪದಲ್ಲಿ. 1990ರ ದಶಕದ ಆರಂಭದಲ್ಲಿ, ಬೆಂಗಳೂರಿನ ಕಚೇರಿಯೊಂದರಲ್ಲಿ, ದಿನದ ಕೆಲಸ ಮುಗಿದ ಮೇಲೆ ನಾವು ನಾಲ್ಕೈದು ಮಂದಿ ಡಾಸ್ ಕಂಪ್ಯೂಟರಿನ ಮುಂದೆ ಸೇರುತ್ತಿದ್ದೆವು. ಒಬ್ಬರು ಕೀಲಿಮಣೆ ಹಿಡಿದರೆ ಉಳಿದವರು ಹಿಂದೆ ನಿಂತು ‘ಹಾರು, ಈಗ ಹಾರು’ ಎಂದು ಕೂಗುವವರು.

ಕಥೆ ಸರಳವಾದದ್ದು. ಸುಲ್ತಾನ ಯುದ್ಧಕ್ಕೆ ಹೋಗಿದ್ದಾನೆ. ವಜೀರ ಜಾಫರ್ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ: ತನ್ನನ್ನು ವರಿಸಬೇಕು, ಇಲ್ಲವೇ ಸಾಯಬೇಕು. ಅವಳ ಪ್ರಿಯಕರ ನೆಲಮಾಳಿಗೆಯ ಸೆರೆಯಲ್ಲಿದ್ದಾನೆ. ಆ 60 ನಿಮಿಷಗಳಲ್ಲಿ ಅವನು ಕುಸಿಯುವ ಹಾಸುಗಲ್ಲು, ಮೇಲೇಳುವ ಈಟಿ, ಕತ್ತರಿಸುವ ಅಲಗುಗಳನ್ನು ದಾಟಿ ಮೇಲೇರಬೇಕು. ಸತ್ತರೆ ಆ ಹಂತವನ್ನು ಮತ್ತೆ ಮೊದಲಿನಿಂದ ಆಡಬಹುದು. ಆದರೆ ಕಳೆದ ಕಾಲ ಮರಳಿ ಬಾರದು.

1992ರಲ್ಲಿ ಜಪಾನಿನ ಆರ್ಸಿಸ್ ಸಂಸ್ಥೆ ಸಿದ್ಧಪಡಿಸಿದ ಸೂಪರ್ ನಿಂಟೆಂಡೊ ರೂಪದಲ್ಲಿ ಈ ಬಡತನವೆಲ್ಲ ಮಾಯವಾಗಿದೆ. ಗಡುವು 120 ನಿಮಿಷ, ಹಂತಗಳು 20. ಹೊಸ ಬಲೆಗಳು, ಹೊಸ ಎದುರಾಳಿಗಳು, ಬಣ್ಣಬಣ್ಣದ ಗೋಡೆಗಳು, ಹಿನ್ನೆಲೆ ಸಂಗೀತ ಎಲ್ಲವೂ ಇವೆ. ಮೊದಲ ಅರ್ಧ ಗಂಟೆ ನಾನು ಗೊಣಗುತ್ತಲೇ ಆಡಿದೆ. ನನ್ನ ನೆನಪಿನ ಸೆರೆಮನೆಯಲ್ಲಿ ಕೇಳಿಸುತ್ತಿದ್ದುದು ಹೆಜ್ಜೆಯ ಸಪ್ಪಳ, ಬಾಗಿಲಿನ ಕಿರುಗುಟ್ಟುವಿಕೆ, ಕತ್ತಿಯ ಖಣಖಣ ಮಾತ್ರ. ಆ ಮೌನವೇ ಭಯ ಹುಟ್ಟಿಸುತ್ತಿತ್ತು. ಇಲ್ಲಿ ಯಾರೋ ನನ್ನ ಹಳೆಯ ಮನೆಗೆ ಹೊಸ ಸುಣ್ಣ ಬಳಿದು, ಮೇಲೊಂದು ಮಹಡಿ ಕಟ್ಟಿಸಿದಂತೆ ಅನಿಸಿತು.

ನನ್ನ ಮುನಿಸನ್ನು ಇಳಿಸಿದ್ದು ಸ್ನೇಹಿತರ ಹದಿನಾಲ್ಕು ವರ್ಷದ ಮಗ. ತನ್ನ ಸರದಿ ಬಂದಾಗ ಆತ ಎರಡು ಸಲ ಹಳ್ಳಕ್ಕೆ ಬಿದ್ದು, ‘ಅಂಕಲ್, ಇವನು ಹೇಳಿದ ತಕ್ಷಣ ನಿಲ್ಲೋದೇ ಇಲ್ಲ’ ಎಂದು ದೂರಿದ. ಈ ಮಾತು ಕೇಳಿ ನನಗೆ ಸಂತೋಷವಾಯಿತು. ಮೂವತ್ತು ವರ್ಷಗಳ ಹಿಂದೆ ನಾವೂ ಇದೇ ದೂರು ಹೇಳಿದ್ದೆವು. ಓಡುತ್ತಿರುವ ಮನುಷ್ಯ ತಟ್ಟನೆ ನಿಲ್ಲಲಾರ. ಜಾರಿ, ತೂಕ ಸಂಭಾಳಿಸಿಕೊಂಡು ನಿಲ್ಲುತ್ತಾನೆ. ಹಾರಬೇಕಾದರೆ ಒಂದು ಹೆಜ್ಜೆ ಮೊದಲೇ ನಿರ್ಧರಿಸಬೇಕು. ಈ ಆಟದ ಜೀವಾಳ ಇದೇ. ಬಣ್ಣ, ಸಂಗೀತ, ಅವಧಿ ಎಲ್ಲ ಬದಲಾದರೂ ಆ ದೇಹದ ಭಾರ ಮಾತ್ರ ಹಾಗೆಯೇ ಉಳಿದಿತ್ತು.

ಆ ದೇಹಕ್ಕೊಂದು ಮೂಲವಿದೆ. 1985ರಲ್ಲಿ, ಆಗಷ್ಟೇ ಪದವಿ ಮುಗಿಸಿದ್ದ ಜೋರ್ಡನ್ ಮೆಕ್ನರ್ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಆತ ಓಡುವುದನ್ನೂ ಹಾರುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದರು. ಚಿತ್ರಿಕೆ ಚಿತ್ರಿಕೆಯಾಗಿ ಆ ಭಂಗಿಗಳನ್ನು ಆ್ಯಪಲ್ 2 ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಲನಚಿತ್ರದ ದೃಶ್ಯವೊಂದನ್ನು ಆಧಾರವಾಗಿಟ್ಟುಕೊಂಡರು. ಒಂದು ಮೆಗಾಹರ್ಟ್ಸ್ ವೇಗದ ಆ ಯಂತ್ರದಲ್ಲಿ ಇಷ್ಟಕ್ಕೇ ಸ್ಮೃತಿಕೋಶ ತುಂಬಿಹೋಯಿತು. ಇನ್ನೊಬ್ಬ ಎದುರಾಳಿಯ ಚಿತ್ರಗಳಿಗೆ ಜಾಗವಿರಲಿಲ್ಲ. ಆಗ ಮೆಕ್ನರ್ ನಾಯಕನ ಚಿತ್ರವನ್ನೇ ತುಸು ಸರಿಸಿ, ಅದರ ಮೇಲೆಯೇ ಬೆರೆಸಿ, ಮಿನುಗುವ ನೆರಳೊಂದನ್ನು ಪಡೆದರು. ಕನ್ನಡಿಯಿಂದ ಹೊರಬಂದು ನಾಯಕನನ್ನು ಕಾಡುವ ಛಾಯಾಪುರುಷ ಹುಟ್ಟಿದ್ದು ಹೀಗೆ, ಬಡತನದಿಂದ.

ಇಂಥ ಕೃತಿ 1989ರಲ್ಲಿ ಹೊರಬಂದಾಗ ಅಮೆರಿಕದಲ್ಲಿ ಅದರ ಮಾರಾಟ ನೀರಸವಾಗಿತ್ತು. ಆ್ಯಪಲ್ 2 ಯಂತ್ರದ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು. ಆಟಕ್ಕೆ ಜೀವದಾನ ದೊರೆತದ್ದು ಜಪಾನ್ ಮತ್ತು ಯುರೋಪಿನಲ್ಲಿ, ಬೇರೆ ಯಂತ್ರಗಳಿಗೆ ಅದು ರೂಪಾಂತರಗೊಂಡ ಮೇಲೆ. ಮೂಲವೇ ಶ್ರೇಷ್ಠ, ಉಳಿದದ್ದೆಲ್ಲ ಕಳಪೆ ಎಂದು ಹಟ ಹಿಡಿಯುವ ನನ್ನಂಥವರು ಗಮನಿಸಬೇಕಾದ ಸಂಗತಿಯಿದು. ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ಸೊಫೊಕ್ಲಿಸನ ‘ಏಜಾಕ್ಸ್’ ಬಿ.ಎಂ. ಶ್ರೀಕಂಠಯ್ಯನವರ ಕೈಯಲ್ಲಿ ‘ಅಶ್ವತ್ಥಾಮನ್’ ಆದಾಗ ಗ್ರೀಕ್ ವೀರ ಮರೆಯಾಗಿ ದ್ರೋಣಪುತ್ರ ಎದ್ದು ನಿಂತ. ಹೆಸರು, ನೆಲ, ದೇವತೆಗಳು ಬದಲಾದರೂ ಅವಮಾನಿತ ವೀರನ ದುರಂತ ಉಳಿಯಿತು. ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎಂಬ ವಿವೇಕವೇ ರೂಪಾಂತರದ ಕಸುಬು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಾವು ಕಚೇರಿಯಲ್ಲಿ ಆಡಿದ್ದು ಕೈಯಿಂದ ಕೈಗೆ ಬಂದ ಫ್ಲಾಪಿಯ ಆಟ. ಮೊದಲ ಹಂತದ ನಂತರ, ಕೈಪಿಡಿಯ ಇಂಥ ಪುಟದ ಇಂಥ ಪದದ ಮೊದಲ ಅಕ್ಷರ ಯಾವುದೆಂದು ಆಟ ಕೇಳುತ್ತಿತ್ತು. ತಪ್ಪು ಅಕ್ಷರದ ಮದ್ದು ಕುಡಿದರೆ ಸಾವು. ಕೈಪಿಡಿ ನಮ್ಮಲ್ಲಿರಲಿಲ್ಲ, ಅಕ್ಷರಗಳ ಪಟ್ಟಿಯ ಜೆರಾಕ್ಸ್ ಇತ್ತು. ನಾವು ಮಾಡಿದ್ದು ನಕಲು. ಅದರಲ್ಲಿ ಒಂದು ಚುಕ್ಕಿಯೂ ವ್ಯತ್ಯಾಸವಿರಲಿಲ್ಲ. ಆದರೆ ಅದರಿಂದ ಕರ್ತೃವಿಗೆ ಒಂದು ಪೈಸೆಯೂ ತಲುಪಲಿಲ್ಲ. ಜಪಾನಿನವರು ಮೂಲಕ್ಕೆ ಕೈಹಾಕಿ ಬದಲಿಸಿದರು, ಹಾಗೆ ಬದಲಿಸಿಯೇ ಅದನ್ನು ಉಳಿಸಿದರು. ನಿಷ್ಠೆ ಯಾರದು ಎಂಬ ಪ್ರಶ್ನೆಗೆ ಉತ್ತರ ನನಗೆ ಹಿತವಾದದ್ದಲ್ಲ.

ಮೂಲ ಸಂಕೇತ ಬರಹದ ಕಥೆಯೂ ಇದನ್ನೇ ಹೇಳುತ್ತದೆ. ಅದು ಕಳೆದೇಹೋಯಿತೆಂದು ಮೆಕ್ನರ್ ಭಾವಿಸಿದ್ದರು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆ ದೊರೆಯಿತು. ಆ ತಂದೆ ಫ್ರಾನ್ಸಿಸ್ ಮೆಕ್ನರ್ ಅವರೇ ಆಟಕ್ಕೆ ಸಂಗೀತ ಸಂಯೋಜಿಸಿದವರು. ಹಳೆಯ ಯಂತ್ರಗಳನ್ನು ಬಲ್ಲ ಜೇಸನ್ ಸ್ಕಾಟ್, ಟೋನಿ ಡಯಾಸ್ ಅವುಗಳನ್ನು ಓದಿಸಿದರು. ಬರಹ ಎಲ್ಲರಿಗೂ ಮುಕ್ತವಾಯಿತು. ಅದನ್ನು ಆಧರಿಸಿ 2018ರಲ್ಲಿ ಹವ್ಯಾಸಿಗಳು ಬಿಬಿಸಿ ಮೈಕ್ರೊ ಸರಣಿಯ ಮಾಸ್ಟರ್ ಯಂತ್ರಕ್ಕೂ ಆಟವನ್ನು ಅಳವಡಿಸಿದರು. 1980ರ ದಶಕದಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕೊಟ್ಟಿದ್ದ ಕಂಪ್ಯೂಟರೂ ಅದೇ ಸರಣಿಯದು.

ಆ ಸುದ್ದಿ ಓದಿದ ಮೇಲೆ ನಾನೂ ಮನೆಯ ಅಟ್ಟ ಹುಡುಕಿದೆ. ಆಟದ ಫ್ಲಾಪಿಗಳ ಜೊತೆಗೆ ಇನ್ನೂ ನಾಲ್ಕು ಸಿಕ್ಕವು. ನಮ್ಮ ತಂದೆಯವರು ಭಾನುವಾರಗಳಂದು ಹೇಳುತ್ತಿದ್ದ ತಮ್ಮ ಬಾಲ್ಯದ ನೆನಪುಗಳನ್ನು ನಾನು ಅದೇ ಕಚೇರಿಯ ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬೆರಳಚ್ಚಿಸಿ ಅವುಗಳಲ್ಲಿ ಇಟ್ಟಿದ್ದೆ. ತಂದೆಯವರು ಈಗಿಲ್ಲ. ನಾಲ್ಕರಲ್ಲಿ ಎರಡು ಫ್ಲಾಪಿಗಳು ಮಾತ್ರ ತೆರೆದುಕೊಂಡವು. ಅಲ್ಲಿಯೂ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ಆ ಕಾಲದ ಕನ್ನಡ ತಂತ್ರಾಂಶದ ಅಕ್ಷರವ್ಯವಸ್ಥೆ ಇಂದಿನ ಯಂತ್ರಕ್ಕೆ ತಿಳಿಯದು. ಪರಿಚಿತ ತಂತ್ರಜ್ಞರೊಬ್ಬರು ತಾಳ್ಮೆಯಿಂದ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಟ್ಟರು. ಕೆಲವೆಡೆ ಒತ್ತಕ್ಷರಗಳು ಜಾರಿವೆ, ಅರ್ಕಾವೊತ್ತು ಸ್ಥಾನ ತಪ್ಪಿದೆ. ಆದರೂ ಓದುವಾಗ ಕೇಳಿಸುವುದು ತಂದೆಯವರ ದನಿಯೇ. ಉಳಿದೆರಡು ಫ್ಲಾಪಿಗಳಲ್ಲಿದ್ದ ಬರಹ ನನ್ನ ಪಾಲಿಗೆ ಇಲ್ಲವಾಯಿತು. ಹತ್ತು ವರ್ಷ ಮೊದಲೇ ಪರಿವರ್ತಿಸಿದ್ದರೆ ಉಳಿಯುತ್ತಿತ್ತೇನೋ.

ಕಾಂತೀಯ ತಟ್ಟೆಗಳಲ್ಲಿರುವ ಬರಹ ತಾಮ್ರಶಾಸನದಂತೆ ಬಾಳುವುದಿಲ್ಲ. ಅದನ್ನು ಮುಟ್ಟದೆ ಪವಿತ್ರವಾಗಿಟ್ಟರೆ ಅದು ಸದ್ದಿಲ್ಲದೆ ಅಳಿಯುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆದ ಮೊದಲ ತಲೆಮಾರಿನವರ ಕಪಾಟುಗಳಲ್ಲಿ ಎಷ್ಟೋ ಲೇಖನ, ನಿಘಂಟು, ಹಸ್ತಪ್ರತಿಗಳು ಹೀಗೆ ಉಳಿದಿರಬೇಕು. ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಈ ಕೆಲಸವನ್ನು ತಾಳೆಗರಿಗಳ ರಕ್ಷಣೆಯಷ್ಟೇ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕು. ಅಲ್ಲಿಯವರೆಗೆ ನಾವು ನಮ್ಮ ನಮ್ಮ ಅಟ್ಟಗಳನ್ನಾದರೂ ಹುಡುಕಬಹುದು.

ಮೂಲ ಆಟದ ಕೊನೆಯ ಹಂತಗಳಲ್ಲಿ ನಾಯಕನಿಗೆ ತನ್ನ ನೆರಳೇ ಎದುರಾಗುತ್ತದೆ. ಅದಕ್ಕೆ ಹೊಡೆದ ಪ್ರತಿ ಪೆಟ್ಟೂ ತನಗೇ ತಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿದಾಗ ಮಾತ್ರ ಇಬ್ಬರೂ ಒಂದಾಗಿ ದಾರಿ ತೆರೆಯುತ್ತದೆ. ಅಂದು ಸ್ನೇಹಿತರ ಮನೆಯಲ್ಲಿ ನಾನು ಅಷ್ಟು ದೂರ ಹೋಗಲಿಲ್ಲ. 120 ನಿಮಿಷ ಮುಗಿದಾಗ ಇನ್ನೂ ಅರ್ಧ ದಾರಿಯಲ್ಲಿದ್ದೆ. ಆದರೆ ಮೂಲದ ಪರವಾಗಿ ನಾನು ಹಿಡಿದಿದ್ದ ಕತ್ತಿ ಅಷ್ಟರಲ್ಲಿ ಒರೆ ಸೇರಿತ್ತು.